ಪೋಸ್ಟ್ ಸಿದ್ದಯ್ಯ ಮಹಾದ್ವಾರ

ಆನೇಮಹಲಿನ ಹೆದ್ದಾರಿ ಪಕ್ಕದಲ್ಲಿ ಅಳಿಯ ಲೋಹಿತನ ಟೈರ್ ಅಂಗಡಿ. ಅದರ ಮುಂದಿನ ಬೆಂಚಿನ ಮೇಲೆ ಕೂತು, ಅಳಿಯನದೇ ಮೊಬೈಲಿನಲ್ಲಿ, ಸಿದ್ದಯ್ಯ ತಾನು ಸತ್ತಿರುವ ಸುದ್ದಿಯನ್ನು ಓದಿದ. ಸುದ್ದಿ ಅಂತ ಯಾರೂ ಬರೆದಿರಲಿಲ್ಲ, ನಿಜ. ಬರುವ ಶನಿವಾರ ಭಾನುವಾರ ಕುಂದೂರಿನಲ್ಲಿ ನಡೆಯುವ ಸಾಹಿತ್ಯ ಸಮ್ಮೇಳನದ ಆಹ್ವಾನ ಪತ್ರಿಕೆ ಅದು. ಯಾರೋ ಗಿರಾಕಿ ವಾಟ್ಸಾಪಿನಲ್ಲಿ ಕಳಿಸಿದ್ದ. ಮಾವನಿಗೆ ಇಂಥವೆಲ್ಲ ಇಷ್ಟ ಅಂತ ಲೋಹಿತ ಗ್ರೀಸ್ ಕೈಯಲ್ಲೇ ತೋರಿಸಿ ಒಳಗೆ ಹೋದ. ಮೂರನೇ ಪುಟದಲ್ಲಿ 'ಮಹಾದ್ವಾರಗಳು' ಅಂತ ದಪ್ಪಕ್ಷರ, ಅದರ ಕೆಳಗೆ ಮೂರು ಹೆಸರು. ಮೊದಲನೆಯದು ಶಾಲೆಗೆ ಜಾಗ ಬಿಟ್ಟುಕೊಟ್ಟ ಪಟೇಲ್ ನಂಜುಂಡಯ್ಯನವರದು. ಎರಡನೆಯದು ಹೋಬಳಿಗೆಲ್ಲ ನಾಟಕ ಕಲಿಸಿದ ಕೆಂಚಯ್ಯ ಮೇಷ್ಟ್ರದು. ಈ ಇಬ್ಬರ ಮಣ್ಣಿಗೂ ಸಿದ್ದಯ್ಯ ಹೋಗಿದ್ದ. ಮೂರನೆಯದು 'ಪೋಸ್ಟ್ ಸಿದ್ದಯ್ಯ ಮಹಾದ್ವಾರ'.

ಇದರಲ್ಲೇನು ಸಾವು ಬಂತು ಅಂತ ಕೇಳುವವರು ನಮ್ಮ ಕಡೆ ಸಮ್ಮೇಳನ ನೋಡಿಲ್ಲ ಅಂತಲೇ ಅರ್ಥ. ಇಲ್ಲೊಂದು ಪದ್ಧತಿ ಇದೆ. ಬದುಕಿರುವವರಿಗಾದರೆ ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು ಫೋಟೋ ತೆಗೆದು ಕಳಿಸುತ್ತಾರೆ. ದ್ವಾರಕ್ಕೆ, ವೇದಿಕೆಗೆ, ಊಟದ ಮಂಟಪಕ್ಕೆ ಇಡುವುದು ತೀರಿಹೋದವರ ಹೆಸರನ್ನು ಮಾತ್ರ. ಬದುಕಿರುವ ಮನುಷ್ಯನ ಹೆಸರಿನಲ್ಲಿ ಕಮಾನು ಎದ್ದದ್ದನ್ನು ಸಿದ್ದಯ್ಯ ತಾನು ದುಡಿದ ಇಪ್ಪತ್ತೆರಡು ಸಮ್ಮೇಳನಗಳಲ್ಲಿ ಒಂದರಲ್ಲೂ ಕಂಡಿರಲಿಲ್ಲ. ಬೇರೆ ಯಾವನೋ ಸಿದ್ದಯ್ಯ ಇರಬಹುದು ಅಂತ ಒಂದು ಗಳಿಗೆ ಅನ್ನಿಸಿತು. ಆದರೆ ಕುಂದೂರಿಗೆ ಪೋಸ್ಟ್ ಸಿದ್ದಯ್ಯ ಅಂದರೆ ಒಬ್ಬನೇ. ಅರಕಲಗೂಡು ಕಡೆಯಿಂದ ಪೋಸ್ಟ್‌ಮ್ಯಾನ್ ಆಗಿ ಬಂದು, ಅಂಚೆ ಕಚೇರಿಯ ಪಕ್ಕದ ಬಾಡಿಗೆ ಮನೆಯಲ್ಲಿ ಮೂವತ್ತು ವರ್ಷ ಇದ್ದು, ಆ ಸುತ್ತಿನ ನಾಯಿಗಳಿಗೂ ಪರಿಚಯವಾಗಿದ್ದ ಸಿದ್ದಯ್ಯ.

ಸಮ್ಮೇಳನದಲ್ಲಿ ಅವನ ಕೆಲಸ ಯಾವ ಸಮಿತಿಗೂ ಸೇರದ ಕೆಲಸ. ಆಹ್ವಾನ ಪತ್ರಿಕೆ ಹಂಚುವುದು. ಅಂಚೆಗೆ ಹಾಕಿದರೆ ಆಗುವುದಿಲ್ಲವೇ ಅಂದರೆ, ಆಗುವುದಿಲ್ಲ. ಮನೆ ಬಾಗಿಲಿಗೆ ಬಂದು, ಪತ್ರಿಕೆ ಕೈಗೆ ಕೊಟ್ಟು, 'ಬರಲೇಬೇಕು' ಅಂತ ಬಾಯಿಬಿಟ್ಟು ಅಂದರೇ ಕರೆದ ಹಾಗೆ. ಇಲ್ಲದಿದ್ದರೆ 'ನಮ್ಮನ್ನ ಯಾರು ಕರೆದ್ರು' ಅಂತ ಕೂತುಬಿಡುವ ಜನ. ಸಿದ್ದಯ್ಯನಿಗೆ ಪ್ರತಿ ಮನೆಯೂ ಗೊತ್ತು, ಪ್ರತಿ ಎಸ್ಟೇಟಿನ ಕೂಲಿಯವರ ಲೈನುಮನೆಯೂ ಗೊತ್ತು. ರಜ ಹಾಕಿ, ಹೆಗಲಿಗೆ ಚೀಲ ಏರಿಸಿ, ಹದಿನೈದು ದಿನ ಸುತ್ತುತ್ತಿದ್ದ. ಸಮ್ಮೇಳನದ ದಿನ ಕುರ್ಚಿ ಸಾಲು ಮಾಡುವುದು, ಮೈಕಿನವನಿಗೆ ಉಪ್ಪಿಟ್ಟು ತಲುಪಿಸುವುದು, ಕೊನೆಗೆ ಪೆಂಡಾಲಿನ ಹಿಂದಿನ ಕಂಬಕ್ಕೆ ಒರಗಿ ನಿಂತು ಕೇಳುವುದು.

ಇದರಿಂದ ನಿಮಗೇನು ಸಿಕ್ತು ಅಂತ ಹೆಂಡತಿ ಗುರುಶಾಂತಮ್ಮ ವರ್ಷಕ್ಕೊಂದು ಸಲ ತಪ್ಪದೆ ಕೇಳುತ್ತಿದ್ದಳು. ಸಿದ್ದಯ್ಯ ಏನೋ ಒಂದು ಹೇಳಿ ಜಾರಿಕೊಳ್ಳುತ್ತಿದ್ದ. ಸಿಕ್ಕಿರಲಿಲ್ಲ ಅಂತೇನಿಲ್ಲ. ಒಮ್ಮೆ ಹಾಸನದಿಂದ ಬಂದ ದೊಡ್ಡ ಪಂಡಿತರೊಬ್ಬರು ಇವನನ್ನು ಕಾಲೇಜಿನ ಮೇಷ್ಟ್ರು ಅಂದುಕೊಂಡು ಜೀಪಿನಲ್ಲಿ ಒಂದು ಗಂಟೆ ಛಂದಸ್ಸಿನ ಬಗ್ಗೆ ಮಾತಾಡಿದ್ದರು. ಅರ್ಧ ಅರ್ಥವಾಗಲಿಲ್ಲ, ಆದರೂ ಆ ಒಂದು ಗಂಟೆ ಅವನನ್ನು ಯಾರೂ ಯಾವ ಕೆಲಸಕ್ಕೂ ಕರೆದಿರಲಿಲ್ಲ. ಇನ್ನೊಮ್ಮೆ ಒಬ್ಬ ಹುಡುಗಿ ತಾಯಿಯ ಬಗ್ಗೆ ಬರೆದದ್ದನ್ನು ಓದಿದಾಗ ಕಂಬದ ಹಿಂದೆ ಅತ್ತಿದ್ದ. ಕುಂದೂರಿನ ಮೇಲಿನ ಎಸ್ಟೇಟಿನ ಲೈನಿನಲ್ಲಿ ಚಿನ್ನಮ್ಮ ಅಂತ ಒಬ್ಬ ಹೆಂಗಸು ಇದ್ದಳು. ಓದು ಬರುತ್ತಿರಲಿಲ್ಲ. ಪತ್ರಿಕೆ ಕೊಟ್ಟರೆ, ಮೊದಲಿಂದ ಕೊನೇವರೆಗೆ ಓದಿ ಹೇಳಿ ಪೋಸ್ಟಣ್ಣ ಅಂತ ಮೆಟ್ಟಿಲ ಮೇಲೆ ಕೂರಿಸಿಬಿಡುತ್ತಿದ್ದಳು. ಅಧ್ಯಕ್ಷರಿಂದ ಹಿಡಿದು ವಾಹನ ನಿಲುಗಡೆ ಸಮಿತಿಯವರೆಗೆ ಎಲ್ಲ ಹೆಸರೂ ಕೇಳಿ ತಲೆಯಾಡಿಸುತ್ತಿದ್ದಳು, ಆಮೇಲೆ ಕಾಫಿ. ಇವನ್ನೆಲ್ಲ ಹೆಂಡತಿಗೆ ಹೇಗೆ ಹೇಳುವುದು? ಹೇಳಿದರೆ, ಇಷ್ಟೇನಾ ಅನ್ನುತ್ತಾಳೆ.

ಅವನಿಗೆ ಬೇಕಾಗಿದ್ದದ್ದು ಇನ್ನೊಂದಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಆ ಪತ್ರಿಕೆಯಲ್ಲಿ ಒಂದೇ ಒಂದು ಸಲ ತನ್ನ ಹೆಸರು ಅಚ್ಚಾಗಬೇಕು. ಮೂಲೆಯಲ್ಲಾದರೂ ಸೈ.

ಮೂರು ವರ್ಷದ ಹಿಂದೆ ಆಲೂರಿನಲ್ಲಿ ಸಮ್ಮೇಳನವಾದಾಗ ಸಮಿತಿಯ ದಯಾನಂದ, ಈ ಸಲ ಎಲ್ಲರ ಹೆಸರೂ ಹಾಕಿಸುತ್ತೇನೆ ಅಂದಿದ್ದ. ದಯಾನಂದನಿಗೆ ಕುಂದೂರಿನಲ್ಲಿ ಗೊಬ್ಬರದ ಅಂಗಡಿ. ಸಮ್ಮೇಳನ ಎಲ್ಲೇ ಆಗಲಿ, ಓಡಾಡುವವನು ಅವನೇ. ಪತ್ರಿಕೆ ಬಂತು. ಹನ್ನೊಂದು ಸಮಿತಿ, ನೂರನಲವತ್ತು ಹೆಸರು. ಸಿದ್ದಯ್ಯ ಅರ್ಧ ಹಂಚಿಯಾದ ಮೇಲೆ ಒಂದು ಹಲಸಿನ ಮರದ ಕೆಳಗೆ ಕೂತು ಸಾವಧಾನವಾಗಿ ಹುಡುಕಿದ. ಕುಡಿಯುವ ನೀರಿನ ಸಮಿತಿಯಲ್ಲಿ ದಯಾನಂದನ ಷಡ್ಡಕನ ಮಗನ ಹೆಸರಿತ್ತು, ಅವನು ಇದ್ದದ್ದು ಮಂಗಳೂರಿನಲ್ಲಿ. ಇವನದ್ದು ಇರಲಿಲ್ಲ. ಕೇಳಿದ್ದಕ್ಕೆ ದಯಾನಂದ ಹೆಗಲ ಮೇಲೆ ಕೈ ಹಾಕಿ, ನೀವು ಮನೆಯೋರಲ್ವಾ, ಮನೆಯೋರ ಹೆಸರು ಯಾರಾದ್ರೂ ಹಾಕ್ತಾರಾ ಅಂತ ನಕ್ಕ. ಸಿದ್ದಯ್ಯನೂ ನಕ್ಕ. ಉಳಿದ ಪತ್ರಿಕೆಗಳನ್ನೂ ಹಂಚಿದ, ಕುರ್ಚಿಯನ್ನೂ ಜೋಡಿಸಿದ. ಊಟ ಮಾಡದೆ ಮನೆಗೆ ಬಂದ.

ಅದಾದ ಮರುವರ್ಷ ಎದೆನೋವು ಬಂತು. ಕುಂದೂರಿನಿಂದ ಆಂಬುಲೆನ್ಸಿನಲ್ಲಿ ಹಾಸನಕ್ಕೆ ಹೋದವನು ಮತ್ತೆ ಆ ಊರಿಗೆ ಬರಲಿಲ್ಲ. ಆಪರೇಷನ್ ಆಯಿತು, ವಾರ್ಡಿನಲ್ಲಿ ಮೊಬೈಲ್ ಕಳೆದುಹೋಯಿತು, ಮಗಳು ನೇತ್ರಾವತಿ ಅಪ್ಪ ಅಮ್ಮನನ್ನು ಆನೇಮಹಲಿಗೆ ಕರೆತಂದು ತನ್ನ ಮನೆಯಲ್ಲೇ ಇಟ್ಟುಕೊಂಡಳು. ಆ ವರ್ಷದ ಸಮ್ಮೇಳನ ತಪ್ಪಿದ್ದು ಹೀಗೆ. ಹೋದ ವರ್ಷದ್ದು ತಪ್ಪಿದ್ದು ಬೇರೆ ರೀತಿ. ಹೋದ ವರ್ಷ ಸಿದ್ದಯ್ಯ ಗುಂಡುಕಲ್ಲಿನ ಹಾಗಿದ್ದ. ದಿನಾ ಬೆಳಿಗ್ಗೆ ದೋಣಿಗಲ್ ದಿಕ್ಕಿಗೆ ಎರಡು ಮೈಲಿ ನಡೆದು ಬರುತ್ತಿದ್ದ. ಸಮ್ಮೇಳನದ ತಾರೀಕೂ ಗೊತ್ತಿತ್ತು. ಹೋಗಲಿಲ್ಲ. ಯಾರಾದರೂ ಹುಡುಕಿಕೊಂಡು ಬರಲಿ, ಆಗ ನೋಡೋಣ ಅಂತ ಕೂತ. ಯಾರೂ ಬರಲಿಲ್ಲ.

ಈಗ ಹೆಸರು ಬಂದಿದೆ. ಅದೂ ಎಂಥ ಜಾಗದಲ್ಲಿ.

ಗುರುಶಾಂತಮ್ಮನಿಗೆ ತೋರಿಸಿದ. ಅವಳು ಕನ್ನಡಕ ಹಾಕಿಕೊಂಡು ಓದಿ, ಮೊಬೈಲನ್ನು ಚಾಪೆಯ ಮೇಲೆ ಕವುಚಿಟ್ಟು, ಎದ್ದು ಹೋಗಿ ಉಪ್ಪು ಮೆಣಸಿನಕಾಯಿ ತಂದು ಗಂಡನಿಗೆ ಮೂರು ಸಲ ನಿವಾಳಿಸಿ ಒಲೆಗೆ ಹಾಕಿದಳು. ಆಮೇಲೆ ಬೈಯಲು ಶುರುಮಾಡಿದಳು. ದಯಾನಂದನ ವಂಶದಲ್ಲಿ ಯಾರನ್ನೂ ಬಿಡಲಿಲ್ಲ. ಈಗಲೇ ಫೋನು ಮಾಡಿ ಆ ಹೆಸರು ತೆಗೆಸಬೇಕು ಅಂತ ಹಠ ಹಿಡಿದಳು. ಸಿದ್ದಯ್ಯ ಕವುಚಿಟ್ಟ ಮೊಬೈಲನ್ನು ಮಗುಚಿ ಮತ್ತೊಮ್ಮೆ ಓದಿದ. ಹೇಳಿದರೆ ತೆಗೆದುಬಿಡುತ್ತಾರಲ್ಲ ಅಂದ.

"ತೆಗೀದೇ ಇನ್ನೇನ್ರೀ ಮಾಡ್ಬೇಕು? ನಿಮಗೇನು ತಲೆಗಿಲೆ ಕೆಟ್ಟೈತಾ?"

ಕೆಟ್ಟಿತ್ತೋ ಏನೋ, ಅವನಿಗೇ ಸಂಶಯ. ಫೋನು ಮಾಡಿ ಬದುಕಿದ್ದೇನೆ ಅಂದರೆ ಆ ಕ್ಷಣದಲ್ಲಿ ಹೆಸರು ಹೋಯಿತು. ಪತ್ರಿಕೆ ಬೇರೆ ಮಾಡಿ, ಬೇರೆ ಯಾರೋ ಸತ್ತವನನ್ನು ಹುಡುಕಿ ಹಾಕುತ್ತಾರೆ. ಬದುಕಿರುವ ಸಿದ್ದಯ್ಯನಿಗೆ ಮತ್ತೆ ಚೀಲ, ಮತ್ತೆ ಕುರ್ಚಿ. ಸುಮ್ಮನಿದ್ದರೆ ಎರಡು ದಿನ ಹೆಸರು ಕಮಾನಿನ ಮೇಲಿರುತ್ತದೆ, ಆದರೆ ಆ ಎರಡು ದಿನ ಅವನು ಸತ್ತಿರಬೇಕು. ಸಮ್ಮೇಳನಕ್ಕೆ ಹೋಗುವಂತಿಲ್ಲ. ಈ ಸಲವೂ ಹೋಗದೆ ಇರುವುದು ಆಗುವ ಮಾತಲ್ಲ ಅಂತ ಪತ್ರಿಕೆ ನೋಡಿದ ಕೂಡಲೇ ಗೊತ್ತಾಗಿತ್ತು. ಗೋಷ್ಠಿಗಳ ಹೆಸರು ಓದುತ್ತಿದ್ದ ಹಾಗೇ ಕಾಲು ತುರಿಸಿತ್ತು. ಹೆಸರು ಬೇಕು ಅಂದರೆ ಹೋಗಬಾರದು, ಹೋಗಬೇಕು ಅಂದರೆ ಹೆಸರಿಲ್ಲ. ಇದೆಂಥ ಗ್ರಹಚಾರ ಅಂತ ಬುಧವಾರ ಯೋಚಿಸಿದ, ಗುರುವಾರ ಯೋಚಿಸಿದ. ಲೋಹಿತನ ಮೊಬೈಲಿನಲ್ಲಿ ದಯಾನಂದನಿಗೆ ಎರಡು ಸಲ ಮೆಸೇಜು ಬರೆಸಿ ಎರಡು ಸಲವೂ ಅಳಿಸು ಮಾರಾಯ ಅಂದ. ಮೂರನೇ ಸಲ ಕರೆದಾಗ ಲೋಹಿತ, ಲಾರಿ ಟೈರು ಬಿಚ್ಚಿದ್ದೀನಿ ಮಾವ ಅಂತ ತಪ್ಪಿಸಿಕೊಂಡ.

ಶನಿವಾರ ಬೆಳಿಗ್ಗೆ, ಬರೀ ದ್ವಾರ ನೋಡಿ ವಾಪಸ್ ಬಂದುಬಿಡುತ್ತೇನೆ ಅಂತ ಹೆಂಡತಿಗೆ ಮಾತು ಕೊಟ್ಟ. ಮಂಕಿ ಕ್ಯಾಪ್ ಹಾಕಿಕೊಂಡ, ಕೊರೋನಾ ಕಾಲದ ಒಂದು ಮಾಸ್ಕು ಹುಡುಕಿ ಅದನ್ನೂ ಹಾಕಿಕೊಂಡ. ಆಲೂರಿನಲ್ಲಿ ಬಸ್ ಬದಲಿಸಿ ಕುಂದೂರಿನಲ್ಲಿ ಇಳಿದಾಗ ಒಂಬತ್ತು ಗಂಟೆ.

ದ್ವಾರ ಎದುರಿಗೇ, ಶಾಲೆ ಮೈದಾನದ ಬಾಯಲ್ಲೇ ಇತ್ತು. ಬಿದಿರು ಕಟ್ಟಿ, ಬಟ್ಟೆ ಸುತ್ತಿ, ಮೇಲೆ ಫ್ಲೆಕ್ಸು. ಒಂದೊಂದು ಅಕ್ಷರ ಎರಡು ಅಡಿ. ಪಕ್ಕದಲ್ಲಿ ಅವನ ಫೋಟೋ. ಯಾರದ್ದೋ ಸನ್ಮಾನದ ಫೋಟೋದ ಅಂಚಿನಿಂದ ಕತ್ತರಿಸಿದ್ದು, ಬೇರೆ ಯಾರದ್ದೋ ಮೊಣಕೈ ಅವನ ಕಿವಿಯ ಹತ್ತಿರ ಉಳಿದುಹೋಗಿತ್ತು. ಎದೆಗೆ ಪತ್ರಿಕೆಗಳ ಕಟ್ಟು ಅವುಚಿಕೊಂಡು ಎತ್ತಲೋ ನೋಡುತ್ತಿದ್ದ. ಮೂಲೆಗೊಂದು ಚೆಂಡುಹೂವಿನ ಹಾರ ಇಳಿಬಿಟ್ಟಿದ್ದರು. ಸಿದ್ದಯ್ಯ ರಸ್ತೆಯ ಈಚೆ ನಿಂತು ನೋಡಿದ. ಎದೆ ತುಂಬಿ ಬಂತು. ಮರುಕ್ಷಣ ಆ ಹಾರ ಕಣ್ಣಿಗೆ ಬಿದ್ದು ಮುಖ ಆಚೆ ತಿರುಗಿಸಿದ. ಖುಷಿ ಪಡಬೇಕೋ, ಅಳಬೇಕೋ, ಫೋಟೋ ತೆಗೆಸಿಕೊಳ್ಳಬೇಕೋ, ಒಂದೂ ಹರಿಯಲಿಲ್ಲ. ಡೊಳ್ಳು ಬಾರಿಸುತ್ತಾ ಮೆರವಣಿಗೆ ಬಂತು. ಅಧ್ಯಕ್ಷರ ಸಾರೋಟು ಅವನ ಹೆಸರಿನ ಕೆಳಗೇ ಹಾದು ಹೋಯಿತು. ಕಳಶ ಹೊತ್ತ ಹೆಂಗಸರು ಹೋದರು, ಶಾಲೆ ಮಕ್ಕಳು ಹೋದವು. ನೋಡಿದ್ದಾಯಿತಲ್ಲ, ಇನ್ನು ಬಸ್ ಹಿಡಿಯಬೇಕು. ಬಸ್ಸು ಬಂತು, ನಿಂತಿತು, ಹೋಯಿತು. ಸಿದ್ದಯ್ಯ ಅಲ್ಲೇ ನಿಂತಿದ್ದ.

ಒಳಗೆ ಹೋಗುವುದಕ್ಕೂ ಒಂದು ಫಜೀತಿ. ಬದುಕಿರುವವನು ತನ್ನದೇ ನೆನಪಿನ ದ್ವಾರದ ಕೆಳಗೆ ನುಗ್ಗಬಹುದೇ? ಇದಕ್ಕೆ ಯಾವ ಶಾಸ್ತ್ರಿಯನ್ನು ಕೇಳುವುದು? ಅವನು ಪಕ್ಕದ ಬೇಲಿ ಸಂದಿಯಲ್ಲಿ ನುಸುಳಲು ನೋಡಿದ. ಲಂಟಾನದ ಮುಳ್ಳು ಪಂಚೆ ಹಿಡಿಯಿತು. ಸ್ವಯಂಸೇವಕ ಹುಡುಗಿಯೊಬ್ಬಳು ಸೀಟಿ ಊದಿ, ಅಜ್ಜ, ದ್ವಾರದಲ್ಲೇ ಬನ್ನಿ ಅಂತ ಕೈಬೀಸಿದಳು. ಕಣ್ಣು ಮುಚ್ಚಿಕೊಂಡು, ಶಿವ ಶಿವ ಅನ್ನುತ್ತಾ ದಾಟಿದ. ಏನೂ ಆಗಲಿಲ್ಲ. ನೋಂದಣಿ ಮೇಜಿನಲ್ಲಿ ಹೆಸರು ಕೇಳಿದಾಗ ಬಾಯಿಗೆ ಬಂದದ್ದು ತೀರಿಹೋದ ಮಾವನ ಹೆಸರು. ಮಲ್ಲಪ್ಪ, ಆನೇಮಹಲ್ ಅಂತ ಬರೆಸಿ, ಬ್ಯಾಡ್ಜು ಹಾಕಿಸಿಕೊಂಡು, ಹಿಂದಿನ ಸಾಲಿನ ಕುರ್ಚಿಯಲ್ಲಿ ಮುದುಡಿ ಕೂತ. ಇಪ್ಪತ್ತೆರಡು ಸಮ್ಮೇಳನಗಳಿಗೆ ದುಡಿದ ಅವನು ಕುರ್ಚಿಯಲ್ಲಿ ಕೂತದ್ದು ಇದೇ ಮೊದಲು.

ಪೆಂಡಾಲು ಅರ್ಧವೂ ತುಂಬಿರಲಿಲ್ಲ. ಸ್ವಾಗತ ಮಾಡಿದ್ದು ಮಾನಸಾ ಅಂತ ಒಬ್ಬಳು ಹೊಸ ಉಪನ್ಯಾಸಕಿ. ಈ ಊರಿಗೆ ಬಂದು ಒಂದು ವರ್ಷವಂತೆ. ಮೂರು ದ್ವಾರಗಳ ಬಗ್ಗೆಯೂ ಹೇಳುತ್ತೇನೆ ಅಂತ ಶುರುಮಾಡಿದಳು. ಪಟೇಲರ ಬಗ್ಗೆ ಎರಡು ಮಾತು, ಮೇಷ್ಟ್ರ ಬಗ್ಗೆ ನಾಲ್ಕು ಮಾತು. ಮೂರನೆಯವರನ್ನು ತಾನು ನೋಡಿಲ್ಲ ಅಂದಳು. ಸ್ಮರಣ ಸಂಚಿಕೆಗೆ ಲೇಖನ ಕೇಳಲು ಮನೆಮನೆಗೆ ಹೋದಾಗ ಎಲ್ಲರೂ ಕೇಳಿದ್ದು ಒಂದೇ ಅಂತೆ, ಪೋಸ್ಟ್ ಸಿದ್ದಯ್ಯ ಎಲ್ಲಿ ಅಂತ. ಎರಡು ವರ್ಷದಿಂದ ಪತ್ರಿಕೆ ಮೊಬೈಲಿಗೆ ಬರುತ್ತಿದೆ, ನಮ್ಮನ್ನು ಯಾರೂ ಕರೆದಿಲ್ಲ ಅಂದವರು ನೂರು ಜನ. ಹೋದ ವರ್ಷ ಪೆಂಡಾಲಿನಲ್ಲಿ ಅರವತ್ತು ಜನರೂ ಇರಲಿಲ್ಲವಂತೆ. ಒಬ್ಬ ಮನುಷ್ಯ ಇಲ್ಲದಿದ್ದರೆ ಸಮ್ಮೇಳನ ಹೀಗಾಗುತ್ತದೆ ಅಂತ ಗೊತ್ತಾದ ಮೇಲೆ ದ್ವಾರಕ್ಕೆ ಅವರ ಹೆಸರೇ ಸೂಕ್ತ ಅನ್ನಿಸಿತು ಅಂದಳು. ಆಮೇಲೆ, ಅಗಲಿದ ಮೂವರಿಗೂ ಒಂದು ನಿಮಿಷ ಮೌನ, ದಯವಿಟ್ಟು ಎಲ್ಲರೂ ಎದ್ದು ನಿಲ್ಲಬೇಕು.

ಕುರ್ಚಿಗಳೆಲ್ಲ ಕಿರುಗುಟ್ಟಿದವು. ಸಿದ್ದಯ್ಯ ಕೂತೇ ಇದ್ದ. ತನಗೆ ತಾನೇ ಎದ್ದು ನಿಲ್ಲುವುದು ಹೇಗೆ? ಪಕ್ಕದವನು, ಸತ್ತೋರಿಗೆ ಒಂದು ಮರ್ಯಾದೆ ಬ್ಯಾಡ್ವಾ ಯಜಮಾನ್ರೇ ಅಂತ ತೋಳು ಹಿಡಿದು ಎಬ್ಬಿಸಿದ. ನಿಂತ. ತಲೆ ತಗ್ಗಿಸಬೇಕೋ ಬೇಡವೋ ತಿಳಿಯದೆ ಅತ್ತಿತ್ತ ನೋಡಿದ. ಎರಡು ಸಾಲು ಮುಂದೆ, ಹೆಂಗಸರ ಕಡೆ, ಚಿನ್ನಮ್ಮ ನಿಂತಿದ್ದಳು. ಕೂದಲೆಲ್ಲ ಹಣ್ಣಾಗಿತ್ತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು, ಹೆಗಲು ಅಲುಗುತ್ತಿತ್ತು. ಬೇರೆಯವರೆಲ್ಲ ಎದ್ದು ನಿಂತಿದ್ದರು ಅಷ್ಟೆ. ಅವಳು ಅಳುತ್ತಿದ್ದಳು.

ಅಲ್ಲಿಯವರೆಗೆ ತಡೆದುಕೊಂಡಿದ್ದ ಮನುಷ್ಯ ಆಗ ತಡೆಯಲಾರದೆ ಹೋದ. ನಿಮಿಷ ಇನ್ನೂ ಮುಗಿದಿರಲಿಲ್ಲ. ಕುರ್ಚಿಗಳನ್ನು ಸರಿಸಿಕೊಂಡು, ಜನರ ಕಾಲು ತುಳಿದುಕೊಂಡು ಅವಳ ಹತ್ತಿರ ಹೋಗಿ ಮಾಸ್ಕು ಕೆಳಗೆ ಎಳೆದ. ಚಿನ್ನಮ್ಮ ನೋಡಿದಳು. ಕೂಗಲಿಲ್ಲ, ಬೀಳಲಿಲ್ಲ. ಅವನ ಮುಂಗೈ ಹಿಡಿದು, ಬಿಸಿ ಇದೆಯೋ ಇಲ್ಲವೋ ಅಂತ ಒತ್ತಿ ನೋಡಿದಳು.

"ಸತ್ತೋದ್ರಿ ಅಂದ್ಬುಟ್ರಲ್ಲ ಪೋಸ್ಟಣ್ಣ," ಅಂದಳು. "ಹೋದ್ಸಲ ನಂಗೆ ಯಾರೂ ಓದಿ ಹೇಳ್ಲಿಲ್ಲ. ನಾನೂ ಬರ್ಲಿಲ್ಲ."

ಮೌನ ಮುಗಿದು ಎಲ್ಲರೂ ಕೂತರು, ಇವರಿಬ್ಬರೇ ನಿಂತಿದ್ದರು. ವೇದಿಕೆಯ ಪಕ್ಕದಿಂದ ದಯಾನಂದ ಕಣ್ಣು ಕಿರಿದು ಮಾಡಿ ನೋಡಿದ. ಬಣ್ಣ ಇಳಿಯಿತು ಅವನ ಮುಖದ್ದು. ಓಡಿ ಬಂದವನೇ ಸಿದ್ದಯ್ಯನ ತೋಳು ಹಿಡಿದು ಊಟದ ಮಂಟಪದ ಹಿಂದಕ್ಕೆ, ನೀರಿನ ಡ್ರಮ್ಮುಗಳ ಹತ್ತಿರ ಕರೆದುಕೊಂಡು ಹೋದ. ಚಿನ್ನಮ್ಮ ಕೈ ಬಿಡಲಿಲ್ಲ, ಅವಳೂ ಬಂದಳು. ದಯಾನಂದ ಎರಡು ಲೋಟ ನೀರು ಕುಡಿದ. ಹಾಸನಕ್ಕೆ ಹೋದದ್ದು, ಆನೇಮಹಲು, ಮಗಳ ಮನೆ, ಕಳೆದ ಮೊಬೈಲು, ಎಲ್ಲ ಕೇಳಿದ. ಕೇಳಿಯೂ ನಂಬಿಕೆ ಬಾರದವನ ಹಾಗೆ ಸಿದ್ದಯ್ಯನ ಕಾಲು ನೋಡಿದ.

ಸಿದ್ದಯ್ಯನಿಗೂ ಸಿಟ್ಟು ಬಂದಿತ್ತು. ಆನೇಮಹಲೇನು ಕಾಶಿಯೇ, ಮೂವತ್ತು ವರ್ಷ ಗೊತ್ತಿರುವ ಮನುಷ್ಯ ಇದ್ದಾನೋ ಸತ್ತಿದ್ದಾನೋ ಅಂತ ಒಬ್ಬರನ್ನಾದರೂ ವಿಚಾರಿಸಬಾರದಿತ್ತೇ ಅಂತ ತರಾಟೆಗೆ ತೆಗೆದುಕೊಂಡ.

"ವಿಚಾರ್ಸೋದೇನೈತೆ ಸಿದ್ದಯ್ನೋರೆ," ಅಂದ ದಯಾನಂದ. "ಎರಡು ಸಮ್ಮೇಳನ ಆದ್ವು, ನೀವು ಬರ್ಲಿಲ್ಲ. ಉಸ್ರಿದ್ದೂ ಬರ್ದೇ ಇರೋ ಮನ್ಸನಾ ನೀವು? ಅದ್ಕೇ ಯಾರ್ಗೂ ಅನುಮಾನಾನೇ ಬರ್ಲಿಲ್ಲ ಕಣ್ರೀ."

ಚಿನ್ನಮ್ಮ ಹೌದು ಅನ್ನುವಂತೆ ತಲೆಯಾಡಿಸಿದಳು.

ಸಿದ್ದಯ್ಯನ ಸಿಟ್ಟು ಎಲ್ಲಿ ಹೋಯಿತೋ. ಹೋದ ವರ್ಷ ಸಮ್ಮೇಳನ ನಡೆಯುತ್ತಿದ್ದ ಹೊತ್ತಿಗೆ ತಾನೆಲ್ಲಿದ್ದೆ ಅನ್ನುವುದು ಅವನಿಗೆ ಚೆನ್ನಾಗಿ ನೆನಪಿತ್ತು. ಅಳಿಯನ ಅಂಗಡಿಯ ಬೆಂಚಿನ ಮೇಲೆ, ಕಾಲ ಮೇಲೆ ಕಾಲು ಹಾಕಿಕೊಂಡು, ಹುರಿಗಡಲೆ ತಿನ್ನುತ್ತಾ ಕೂತಿದ್ದ. ಈ ಜನ ಅವನನ್ನು ಸಾಯಿಸಿದರು, ಸರಿ. ಆದರೆ ಸಿದ್ದಯ್ಯ ಮುನಿಸಿಕೊಂಡು ಕೂತಿರಬಹುದು ಅಂತ ಒಬ್ಬರಾದರೂ ಯೋಚಿಸಿರಲಿಲ್ಲ. ಅಷ್ಟು ಸಣ್ಣ ಮನುಷ್ಯ ಅಂತ ಯಾರಿಗೂ ಅನ್ನಿಸಿರಲಿಲ್ಲ. ಎರಡು ವರ್ಷವೂ ಹುಷಾರಿರಲಿಲ್ಲ ಅಂತ ಒಂದು ಮಾತು ಹೇಳಿಬಿಟ್ಟರೆ ಆಯಿತು. ಅರ್ಧ ನಿಜವೇ. ನಾಲಿಗೆ ತುದಿಗೆ ಬಂದಿತ್ತು ಕೂಡ. ಚಿನ್ನಮ್ಮನ ಕೈ ಇನ್ನೂ ಮುಂಗೈ ಮೇಲೇ ಇತ್ತು.

"ಹೋದ್ಸಲ ನಾನು ಚೆನ್ನಾಗೇ ಇದ್ದೆ ಕಣಪ್ಪ," ಅಂದ. "ಸಿಟ್ ಮಾಡ್ಕೊಂಡು ಬರ್ಲಿಲ್ಲ."

ದಯಾನಂದ ಯಾರ ಮೇಲೆ, ಯಾಕೆ ಅಂತ ಕೇಳಿದ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಮನೆಯವರು ಅಂತ ನಕ್ಕದ್ದು, ಹೆಗಲ ಮೇಲೆ ಕೈ ಹಾಕಿದ್ದು ಒಂದೂ ಅವನ ನೆನಪಿನಲ್ಲಿ ಉಳಿದಿರಲಿಲ್ಲ. ಪತ್ರಿಕೆಯಲ್ಲಿ ನನ್ನ ಹೆಸರು ಹಾಕಿಸಲಿಲ್ಲ ಅಂತ ಹೇಳಬೇಕು. ಮೂರು ವರ್ಷ ಮನಸ್ಸಿನಲ್ಲೇ ತಿರುವಿ ತಿರುವಿ ಇಟ್ಟುಕೊಂಡಿದ್ದ ಮಾತು, ಯಾವ ಸಭೆಯಲ್ಲಾದರೂ ಹೇಳಬಲ್ಲೆ ಅಂದುಕೊಂಡಿದ್ದ ಮಾತು. ಅದನ್ನು ಈ ಹೆಂಗಸಿನ ಎದುರಿಗೆ ಹೇಳಲು ಬಾಯಿ ಬರಲಿಲ್ಲ.

"ಏನೋ ಇತ್ತು. ಈಗ ನೆನಪಿಲ್ಲ," ಅಂದ. "ಮೊದ್ಲು ಆ ಹೆಸರು ಇಳ್ಸಿ."

ದಯಾನಂದ ಒಪ್ಪಲಿಲ್ಲ. ಹೇಗೂ ಕಟ್ಟಿಯಾಗಿದೆ, ನಾಳೆ ಸಂಜೆವರೆಗೆ ಇರಲಿ, ವೇದಿಕೆ ಮೇಲೆ ಕರೆದು ಶಾಲು ಹೊದಿಸಿ ಎಲ್ಲ ಸರಿಮಾಡಿಬಿಡೋಣ ಅಂದ. ಆಸೆಯಾಗಲಿಲ್ಲ ಅಂದರೆ ಸುಳ್ಳಾಗುತ್ತದೆ, ಸಿದ್ದಯ್ಯನಿಗೆ ಆಸೆಯಾಯಿತು. ಒಂದು ಗಳಿಗೆ ಹೂಂ ಅನ್ನಲೂ ಹೊರಟ. ಆಮೇಲೆ ಯಾಕೋ, ಬೇಡ, ಏಣಿ ಎಲ್ಲಿದೆ ಅಂತ ಕೇಳಿದ.

ಏಣಿ ಶಾಲೆಯ ಅಡುಗೆಮನೆ ಗೋಡೆಗೆ ಒರಗಿತ್ತು. ಅದನ್ನು ಸಿದ್ದಯ್ಯನೂ ಪೆಂಡಾಲಿನವನೂ ಹೊತ್ತು ತಂದರು. ಪೆಂಡಾಲಿನವನು ಹತ್ತಿದ. ಕೆಳಗೆ ನೆಲ ಏರುತಗ್ಗಾಗಿದ್ದರಿಂದ ಏಣಿ ಜಾರುತ್ತಿತ್ತು, ಯಾರಾದರೂ ಬುಡ ಹಿಡಿಯಬೇಕಿತ್ತು. ಸಿದ್ದಯ್ಯ ಮಂಕಿ ಕ್ಯಾಪ್ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಏಣಿಯನ್ನು ಅಮುಕಿ ಹಿಡಿದ. ಮೇಲೆ ಒಂದೊಂದೇ ದಾರ ಕೊಯ್ಯುವ ಸದ್ದು. ಫ್ಲೆಕ್ಸಿನ ಒಂದು ಮೂಲೆ ಬಿಚ್ಚಿ ಅವನ ತಲೆಯ ಮೇಲೆ ಇಳಿಬಿತ್ತು. ಜೋಪಾನ ಮಾರಾಯ, ಹರೀದಂಗೆ ಇಳಿಸು ಅಂತ ಸಿದ್ದಯ್ಯ ಮೇಲೆ ನೋಡುತ್ತಾ ಹೇಳಿದ.